ಸುಟ್ಟದ್ದು ಟ್ರಾನ್ಸಿಸ್ಟರ್, ಗುಜರಿಗೆ ಯಾಕೆ ಇಡೀ ಆಂಪ್ಲಿಫೈಯರ್?



ಹಬ್ಬದ ಮುಂಚಿನ ಪರಮ ಪ್ರಸಾದದ ಮೆರವಣಿಗೆಯಲ್ಲಿ ಜೀಪಿಗೆ ಕಟ್ಟಿದ್ದ ಕಾರ್ ಆಂಪ್ಲಿಫೈಯರ್ ಅರ್ಧ ದಾರಿಯಲ್ಲಿ ಹೊಗೆ ಬಿಟ್ಟು ನಿಂತುಹೋಯಿತು. ಜಪಸರ ಉಳಿದ ದಾರಿಗೆ ಮೈಕ್ ಇಲ್ಲದೆಯೇ ನಡೆಯಿತು. ಮುಂದಿನ ಸಭೆಯಲ್ಲಿ ಬಂದ ಮೊದಲ ಸಲಹೆ: "ಅದನ್ನು ಗುಜರಿಗೆ ಹಾಕುವ, ಎರಡರಷ್ಟು ವಾಟ್ಸಿನದ್ದು ತರುವ." ಹಲವರು ತಲೆಯಾಡಿಸಿದರು. ನಾನು ಒಪ್ಪುವುದಿಲ್ಲ. ಕಾರಣಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಅದು ಸುಟ್ಟದ್ದು ಹಳೆಯದಾಗಿದ್ದಕ್ಕಲ್ಲ. ನಾಲ್ಕು ಓಮ್‌ನ ನಾಲ್ಕು ಸ್ಪೀಕರ್‌ಗಳನ್ನು ಒಂದೇ ಔಟ್‌ಪುಟ್‌ಗೆ ಸಮಾಂತರವಾಗಿ ಜೋಡಿಸಲಾಗಿತ್ತು. ಆಗ ಒಟ್ಟು ರೋಧ ಒಂದು ಓಮ್. ಹತ್ತನೇ ತರಗತಿಯ ಓಮ್‌ನ ನಿಯಮ ಸಾಕು: 20 ವೋಲ್ಟ್ ಇದ್ದಾಗ ನಾಲ್ಕು ಓಮ್‌ಗೆ 5 ಆಂಪಿಯರ್ ಹರಿಯುತ್ತದೆ, ಒಂದು ಓಮ್‌ಗೆ 20 ಆಂಪಿಯರ್. ಅಷ್ಟು ಹೊರೆಯನ್ನು ತಾಳದೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಶಾರ್ಟ್ ಆದವು. ಅದೇ ನಾಲ್ಕು ಸ್ಪೀಕರ್‌ಗಳನ್ನು ಎರಡೆರಡು ಸರಣಿಯಲ್ಲಿ ಸೇರಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಕೊಟ್ಟಿದ್ದರೆ ಪುನಃ ನಾಲ್ಕು ಓಮ್ ಆಗುತ್ತಿತ್ತು. ವೈರ್ ಎಳೆದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಜೋಡಣೆ ಬದಲಾಗದಿದ್ದರೆ ಹೊಸ ಆಂಪ್ಲಿಫೈಯರ್ ಕೂಡ ಮುಂದಿನ ಹಬ್ಬಕ್ಕೆ ಹೀಗೆಯೇ ಸುಡುತ್ತದೆ.

ಎರಡನೆಯದಾಗಿ, ಇಮ್ಮಡಿ ವಾಟ್ಸ್ ಎಂದರೆ ಇಮ್ಮಡಿ ಧ್ವನಿ ಅಲ್ಲ. ವಾಟ್ಸ್ ಎರಡರಷ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೆರವಣಿಗೆಯ ಕೊನೆಯಲ್ಲಿ ನಡೆಯುವ ಅಜ್ಜಿಯಂದಿರಿಗೆ ಜಪಸರ ಕೇಳಿಸಬೇಕಾದರೆ ಸಾಲಿನ ಮಧ್ಯದಲ್ಲಿ ಇನ್ನೊಂದು ಸಣ್ಣ ಸ್ಪೀಕರ್ ಇರಬೇಕು. ಜೀಪಿನ ಪಕ್ಕದಲ್ಲಿರುವ ಮಕ್ಕಳ ಕಿವಿ ಒಡೆಯುವ ಹೊಸ ಪೆಟ್ಟಿಗೆ ಬೇಡ.

"ರಿಪೇರಿ ಮಾಡಿದ್ದು ಬಾಳಿಕೆ ಬರುವುದಿಲ್ಲ" ಎನ್ನುವವರೂ ಇದ್ದಾರೆ. ಸುಟ್ಟ ಒಂದನ್ನು ಕಿತ್ತು ಇನ್ನೊಂದನ್ನು ಬೆಸುಗೆ ಹಾಕಿ ನೇರ ಬ್ಯಾಟರಿಗೆ ಕೊಟ್ಟರೆ ಅವರ ಮಾತು ನಿಜ. ಸರಿಯಾದ ರಿಪೇರಿಗೆ ಕ್ರಮ ಉಂಟು. ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕಿಟ್ಟು ಪ್ರತಿ ಟ್ರಾನ್ಸಿಸ್ಟರನ್ನೂ ಪರೀಕ್ಷಿಸಬೇಕು. ಕಲೆಕ್ಟರ್–ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ತೋರಿಸಿದರೆ ಅದನ್ನು ಕಳಚಿ ಹೊರಗೆ ಪುನಃ ಅಳೆಯಬೇಕು. ಜೊತೆಗಿರುವ ಎಮಿಟರ್ ರೆಸಿಸ್ಟರ್, ಡ್ರೈವರ್ ಟ್ರಾನ್ಸಿಸ್ಟರ್, 12 ವೋಲ್ಟನ್ನು ಏರಿಸುವ ಪವರ್ ಸಪ್ಲೈಯ ಮಾಸ್ಫೆಟ್‌ಗಳನ್ನೂ ನೋಡಬೇಕು. ಔಟ್‌ಪುಟ್ ಶಾರ್ಟ್ ಆದಾಗ ಅವೂ ಹೋಗುವುದುಂಟು. ಬದಲಿಸುವಾಗ ಜೋಡಿಯನ್ನೇ ಬದಲಿಸಬೇಕು, ಟಿಪ್35ಸಿ ಇದ್ದರೆ ಜೊತೆಗೆ ಟಿಪ್36ಸಿ. ಮಾರುಕಟ್ಟೆಯಲ್ಲಿ ನಕಲಿ ಮಾಲು ಬಹಳ, ಆದ್ದರಿಂದ ನಂಬಿಕೆಯ ಅಂಗಡಿಯಿಂದಲೇ ತರಬೇಕು. ಹೀಟ್ ಸಿಂಕಿಗೆ ಕೂರಿಸುವಾಗ ನಡುವಿನ ಮೈಕಾ ಹಾಳೆ ಮತ್ತು ಪೇಸ್ಟ್ ಮರೆಯಬಾರದು.

ಇಷ್ಟಾದ ಮೇಲೂ ಮೊದಲ ಸಲ ಚಾಲೂ ಮಾಡುವಾಗ ಸ್ಪೀಕರ್ ತೆಗೆದಿಟ್ಟು, ಬ್ಯಾಟರಿಯ ಪಾಸಿಟಿವ್ ವೈರಿಗೆ ಸರಣಿಯಲ್ಲಿ 21 ವಾಟ್ಸಿನ ಇಂಡಿಕೇಟರ್ ಬಲ್ಬ್ ಹಾಕಬೇಕು. ಬಲ್ಬ್ ಒಮ್ಮೆ ಮಿಂಚಿ ಮಂದವಾದರೆ ಧೈರ್ಯ ತಂದುಕೊಳ್ಳಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಇನ್ನೂ ಶಾರ್ಟ್ ಇದೆ, ಆದರೆ ಹೊಸ ಟ್ರಾನ್ಸಿಸ್ಟರ್ ಉಳಿದಿರುತ್ತದೆ. ಫ್ಯೂಸ್ ಹೋದಾಗ ಅದರ ಜಾಗಕ್ಕೆ ತಂತಿ ಸುತ್ತುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಸುಡುವುದು ಆಂಪ್ಲಿಫೈಯರ್ ಮಾತ್ರವಲ್ಲ, ಜೀಪಿಗೂ ಬೆಂಕಿ ಹಿಡಿಯಬಹುದು.

ಬಿಡಿಭಾಗಗಳ ಖರ್ಚು ನೂರುಗಳಲ್ಲಿ, ಹೊಸತಿನ ಖರ್ಚು ಸಾವಿರಗಳಲ್ಲಿ. ಆ ಸಾವಿರಗಳು ಬರುವುದು ವಾಳೆಯ ಗುರಿಕಾರರು ಮನೆ ಮನೆ ಹತ್ತಿ ತಂದ ವಂತಿಗೆಯಿಂದ. ಬೀಡಿ ಕಟ್ಟಿ ಸಂಪಾದಿಸಿದ ಹಣವೂ ಅದರಲ್ಲಿದೆ. ಗೋಪುರ ಕಟ್ಟುವ ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವವನ ಸಾಮತಿಯನ್ನು (ಲೂಕ 14) ನಾವೇ ಸಣ್ಣ ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುತ್ತೇವೆ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದಾಗ ಅದರ ಬಗ್ಗೆ ಪೋಸ್ಟರ್ ಬರೆದು ಅಂಟಿಸಿದವರು ನಮ್ಮಂಥ ಯುವಕರೇ. ಗೋಡೆಯ ಮೇಲಿನ ಮಾತು ನಮ್ಮ ಸ್ಟೋರ್ ರೂಮಿಗೆ ಅನ್ವಯಿಸದಿದ್ದರೆ ಆ ಪೋಸ್ಟರ್‌ಗೆ ಏನು ಬೆಲೆ?

ಆದ್ದರಿಂದ ನನ್ನ ಬೇಡಿಕೆ ಮೂರು. ಖರೀದಿಯ ನಿರ್ಣಯವನ್ನು ಒಂದು ತಿಂಗಳು ತಡೆಹಿಡಿಯಿರಿ. ಮುಂದಿನ ಭಾನುವಾರ ಪೂಜೆಯ ನಂತರ ಆ ಪೆಟ್ಟಿಗೆಯನ್ನು ಹಾಲ್‌ನಲ್ಲಿ ಬಿಚ್ಚುವ, ಐಟಿಐ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಮುಂದೆ ನಿಂತು ಮಾಡಲಿ. ಸ್ಪೀಕರ್ ಜೋಡಣೆಯ ಚಿತ್ರವನ್ನು ಪೆಟ್ಟಿಗೆಯ ಮೇಲೆಯೇ ಅಂಟಿಸುವ.

ಬೋರ್ಡೇ ಕರಗಿ ಹೋಗಿ ರಿಪೇರಿಗೆ ಬಾರದು ಎಂದು ತಿಳಿದರೆ, ಹೊಸತಕ್ಕೆ ಮೊದಲು ಕೈ ಎತ್ತುವವನು ನಾನೇ. ಆದರೆ ಮುಚ್ಚಳವನ್ನೂ ತೆಗೆದು ನೋಡದೆ ಗುಜರಿಗೆ ಕಳಿಸಲು ನನ್ನ ಒಪ್ಪಿಗೆ ಇಲ್ಲ.