ಮೊದಲು ಕಿವಿ, ಆಮೇಲೆ ಗುದ್ದಲಿ

ಮಕ್ಕಳೇ, ಸವದತ್ತಿ ಬಳಿಯ ನವಿಲುತೀರ್ಥವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತಿರುವ ರೇಣುಕಾಸಾಗರದ ನೀರು ಹೊಲಗಳಿಗೆ ಹರಿಯುತ್ತದೆ. ಕೊಳವೆಗಳ ಮೂಲಕ ಹುಬ್ಬಳ್ಳಿ-ಧಾರವಾಡದ ಮನೆಗಳಿಗೂ ಹೋಗುತ್ತದೆ. ಇಷ್ಟು ದೂರ ಸಾಗುವ ನೀರು ನೆಲದೊಳಗೆ ಸೋರಿಹೋದರೆ ನಷ್ಟ ಯಾರಿಗೆ? ರೈತರಿಗೂ ಹೌದು, ಪಟ್ಟಣದವರಿಗೂ ಹೌದು.

ಒಮ್ಮೆ ಒಂದು ಊರಿನ ರಸ್ತೆಯ ಮೇಲೆ ನೀರು ಜಿನುಗುತ್ತಿದ್ದುದನ್ನು ಕಂಡೆ. ಕೆಲಸಗಾರರು ಅಲ್ಲೇ ಅಗೆದರು, ಕೊಳವೆ ಗಟ್ಟಿಯಾಗಿತ್ತು. ಮತ್ತೆರಡು ಕಡೆ ಅಗೆದ ಮೇಲೆ ಬಿರುಕು ಸಿಕ್ಕಿತು. ನೀರು ಕೊಳವೆಯ ಗುಂಟ ಹರಿದು ಬೇರೆಡೆ ಮೇಲೆದ್ದಿತ್ತು. ಅಗೆದವರದು ತಪ್ಪೆನ್ನಲಾರೆ. ಅಗೆಯುವ ಮೊದಲು ಆಲಿಸಬೇಕಿತ್ತು ಎಂಬುದಷ್ಟೇ ನನ್ನ ಮಾತು.

ಒತ್ತಡದಲ್ಲಿರುವ ನೀರು ಬಿರುಕಿನಿಂದ ನುಗ್ಗುವಾಗ ‘ಸುಯ್’ ಎಂದು ಸದ್ದು ಮಾಡುತ್ತದೆ. ಬಯಲಿನಲ್ಲಿ ಸದ್ದು ಎಲ್ಲ ದಿಕ್ಕಿಗೂ ಚದುರಿ ಕ್ಷೀಣಿಸುತ್ತದೆ. ಕೊಳವೆಯಲ್ಲಿ ಹಾಗೆ ಚದುರದೆ ಎರಡೂ ಕಡೆಗೆ ದೂರ ಸಾಗುತ್ತದೆ. ಇಂಥ ದಾರಿಯೇ ಧ್ವನಿಯ ತರಂಗಮಾರ್ಗ.

ಸೋರಿಕೆಯ ಆಚೆ ಈಚೆ ಇರುವ ಎರಡು ವಾಲ್ವುಗಳಿಗೆ ಸದ್ದು ಗ್ರಹಿಸುವ ಸಾಧನಗಳನ್ನು ಅಂಟಿಸುತ್ತಾರೆ. ಬಿರುಕಿಗೆ ಹತ್ತಿರವಿರುವುದಕ್ಕೆ ಸದ್ದು ಮೊದಲು ತಲುಪುತ್ತದೆ. ಆದರೆ ಸದ್ದು ನಿಲ್ಲದೆ ಬರುತ್ತಿರುವಾಗ, ಎಷ್ಟು ಮೊದಲು ಎಂದು ತಿಳಿಯುವುದು ಹೇಗೆ? ಎರಡೂ ಸದ್ದುಗಳ ನಕ್ಷೆಗಳನ್ನು ತೆಳು ಹಾಳೆಗಳಲ್ಲಿ ಬರೆದು, ಒಂದರ ಮೇಲೊಂದಿಟ್ಟು ನಿಧಾನವಾಗಿ ಸರಿಸಿದಂತೆ ಊಹಿಸಿಕೊಳ್ಳಿ. ಏರಿಳಿತಗಳು ಹೊಂದಿಕೊಂಡಾಗ ಎಷ್ಟು ಸರಿಸಿದ್ದೀರೋ ಅದೇ ಕಾಲದ ವ್ಯತ್ಯಾಸ. ಈ ಹೊಂದಾಣಿಕೆಯನ್ನು ಗಣಕಯಂತ್ರ ಬೇಗ ಹುಡುಕಿಕೊಡುತ್ತದೆ. ಇದು ಸಂಕೇತ ಸಂಸ್ಕರಣೆಯ ಒಂದು ವಿಧಾನ.

ಈಗ ಲೆಕ್ಕ ಮಾಡೋಣ. ವಾಲ್ವುಗಳ ಅಂತರ 120 ಮೀಟರ್, ಕಬ್ಬಿಣದ ಕೊಳವೆಯ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ 1200 ಮೀಟರ್, ಕಾಲದ ವ್ಯತ್ಯಾಸ 0.05 ಸೆಕೆಂಡು ಎಂದಿಟ್ಟುಕೊಳ್ಳಿ. ಹಾಗಾದರೆ ಒಂದು ಕಡೆ ಸದ್ದು 60 ಮೀಟರ್ ಹೆಚ್ಚು ಸಾಗಿದೆ. 120ರಲ್ಲಿ 60 ಕಳೆದು ಅರ್ಧ ಮಾಡಿ. ಸದ್ದು ಮೊದಲು ತಲುಪಿದ ವಾಲ್ವಿನಿಂದ 30 ಮೀಟರ್ ದೂರದಲ್ಲಿ ಬಿರುಕಿದೆ. ಒಂದೇ ಗುಂಡಿ ಸಾಕು!

ಪ್ಲಾಸ್ಟಿಕ್ ಕೊಳವೆಯಲ್ಲಿ ಸದ್ದು ನಿಧಾನವಾಗಿ ಸಾಗುತ್ತದೆ, ಬೇಗ ಕುಗ್ಗುತ್ತದೆ; ಅಲ್ಲಿ ಸಾಧನಗಳನ್ನು ಹತ್ತಿರ ಹತ್ತಿರ ಇಡಬೇಕು. ಸಾಧನಗಳಿಗೆ ಹಣ ಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಆದರೆ ತಪ್ಪು ಜಾಗದ ಗುಂಡಿಗೂ ಹಣ ಬೇಕು. ಸೋರಿದ ನೀರಂತೂ ಕೊಡಕ್ಕೆ ಮರಳುವುದಿಲ್ಲ.

ನಾಳೆ ಶಾಲೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ, ಕೊಳವೆಗೆ ಕಿವಿಯಿಟ್ಟು ಆಲಿಸಿ. ಆಗಲೂ ‘ಸುಯ್’ ಎಂದು ಕೇಳಿದರೆ ನಿಮ್ಮ ಗುರುಗಳಿಗೆ ತಿಳಿಸಿ. ನವಿಲುತೀರ್ಥದ ನೀರಾಗಲಿ, ನಿಮ್ಮೂರ ಬೋರ್‌ವೆಲ್ಲಿನ ನೀರಾಗಲಿ, ಅದನ್ನು ಉಳಿಸುವ ಕೆಲಸ ಕಿವಿಯಿಂದಲೇ ಶುರುವಾಗಲಿ.