ಬೀಜಗಣಿತದ ಅಭ್ಯಾಸ

ಬೀಜಗಣಿತವೆಂದೊಡನೆ ಕಾಲೇಜಿನ ಹೊಸ ವಿದ್ಯಾರ್ಥಿಯ ಮುಖ ಬಾಡುವುದುಂಟು. ಬುದ್ಧಿಯ ಕೊರತೆಯೇ ಅದಕ್ಕೆ ಕಾರಣವೆಂದು ಮನೆಯವರು ತೀರ್ಮಾನಿಸುತ್ತಾರೆ. ಎಷ್ಟೋ ಮಕ್ಕಳು ಆ ತೀರ್ಮಾನವನ್ನು ನಂಬಿ ವಿಜ್ಞಾನವನ್ನೇ ತೊರೆಯುತ್ತಾರೆ. ಕೊರತೆ ಇರುವುದು ಹೆಚ್ಚಾಗಿ ಅಭ್ಯಾಸದ ಕ್ರಮದಲ್ಲಿ.

ಉಪಾಧ್ಯಾಯರು ಕರಿಹಲಗೆಯ ಮೇಲೆ ಬಿಡಿಸಿದ ಲೆಕ್ಕ ನೋಡುವವನಿಗೆ ನೀರು ಕುಡಿದಷ್ಟು ಸುಲಭ. ಬರೆದುಕೊಂಡ ಮಾತ್ರಕ್ಕೆ ಅದು ಅವನದಾಗದು. ಅಂದಿನ ಲೆಕ್ಕವನ್ನು ಅಂದೇ ಸಂಜೆ, ಪುಸ್ತಕ ಮುಚ್ಚಿಟ್ಟು, ತಾನೇ ಬಿಡಿಸಬೇಕು. ತಾನು ಎಲ್ಲಿ ತಡವರಿಸುತ್ತೇನೆಂಬುದು ಆಗ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಸೂತ್ರಗಳನ್ನು ಉರುಹೊಡೆಯುವವನಿಗೆ ಈ ತಿಳಿವು ದೊರೆಯದು. ಗೈಡುಗಳ ಮಾತಂತೂ ಬೇಡ.

ಎರಡು ಸಂಖ್ಯೆಗಳ ಮೊತ್ತದ ವರ್ಗವು ಅವುಗಳ ವರ್ಗಗಳ ಮೊತ್ತಕ್ಕೆ ಸಮವೆಂದು ಬರೆಯುವವರು ಪ್ರತಿ ತರಗತಿಯಲ್ಲಿಯೂ ಇದ್ದಾರೆ. 3 ಮತ್ತು 4ನ್ನು ಇಟ್ಟು ನೋಡಿದರೆ ಸಾಕು: ಮೊತ್ತದ ವರ್ಗ 49, ವರ್ಗಗಳ ಮೊತ್ತ 25. ಬಿಟ್ಟುಹೋದ 24 ಆ ಎರಡರ ಗುಣಲಬ್ಧದ ಇಮ್ಮಡಿ. ಹೀಗೆ ಒರೆಗೆ ಹಚ್ಚಿ ಕಂಡುಕೊಂಡ ಸೂತ್ರ ಸುಲಭವಾಗಿ ಮರೆಯುವುದಿಲ್ಲ. ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ತಪ್ಪಾದ ಲೆಕ್ಕವನ್ನು ರಬ್ಬರಿನಿಂದ ಅಳಿಸಿಹಾಕುವ ಚಾಳಿಯೂ ಒಳ್ಳೆಯದಲ್ಲ. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಮಹಾಗಣಿತಜ್ಞ. ಅಂಥವನೂ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆಂದು ಬರೆದನು. 12ನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು ಅನಂತವೆಂದನು. ಇಂದಿನ ಅಂಕಗಣಿತವು ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಬರೆದದ್ದು ಉಳಿದುದರಿಂದಲೇ ಮುಂದಿನವರಿಗೆ ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ವಿದ್ಯಾರ್ಥಿಯೂ ತಪ್ಪಿದ ಲೆಕ್ಕದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿಯೇ ಸರಿಯಾದುದನ್ನು ಬರೆಯಲಿ; ತಿಂಗಳ ಕೊನೆಗೆ ಆ ಪುಟಗಳನ್ನು ಒಮ್ಮೆ ತಿರುವಿ ನೋಡಲಿ.