ಹಡಗೇರುವ ಮುನ್ನ

ಕಳೆದ ಚಳಿಗಾಲದ ರಜೆಯಲ್ಲಿ ನಾವಿಬ್ಬರೂ ಲಾಸ್ ಏಂಜಲೀಸಿನ ಸ್ಯಾನ್ ಪೆಡ್ರೊ ಬಂದರಿನಿಂದ ಮೂರು ರಾತ್ರಿಯ ವಿಹಾರದ ಹಡಗು ಹತ್ತಿದೆವು. ಹತ್ತಿದ್ದೇ ಒಂದು ಕಥೆ! ಸ್ಯಾನ್ ಡಿಯಾಗೋದ ಮನೆ ಬಿಟ್ಟು ಓಷನ್‌ಸೈಡ್ ತಲುಪಿದಾಗ ನೋಡುತ್ತೇವೆ, ಚಕ್ಕುಲಿ ಡಬ್ಬ ಇದೆ, ಗ್ರೀನ್ ಕಾರ್ಡುಗಳಿಲ್ಲ. ಲ್ಯಾಬಿನಲ್ಲಿ ಮಿಲಿಗ್ರಾಂ ತೂಗುವವರ ಗತಿ ಇದು. ವಿದೇಶೀ ಧ್ವಜದ ಹಡಗು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಬರುವಂತಿಲ್ಲ, 1886ರ ಕಾನೂನು; ಅದಕ್ಕೇ ಮೆಕ್ಸಿಕೋದ ಎನ್ಸೆನಾಡವನ್ನು ಮುಟ್ಟುತ್ತದೆ. ಕಾರ್ಡಿಲ್ಲದೆ ಮರಳಿ ಬರುವುದೆಂತು? ಕಾರು ತಿರುಗಿಸಿದೆವು. ಹತ್ತಲು ಹತ್ತೇ ನಿಮಿಷ ಉಳಿದಿದ್ದಾಗ ಏದುಸಿರಿನಲ್ಲಿ ಬಂದು ಸೇರಿದೆವು. ಆ ರಾತ್ರಿ ಪರಸ್ಪರ ಮಾತಿಲ್ಲ. ಬೆಳಿಗ್ಗೆ ಎನ್ಸೆನಾಡದ ಬಳಿ ನೀರಿನ ಚಿಲುಮೆ: ಅಲಾಸ್ಕಾ ಕಡೆಯಿಂದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರಿಗೆ ಹೊರಟ ಬೂದು ತಿಮಿಂಗಿಲ! ಮನೆಯಾಕೆ ತೋಳು ಹಿಡಿದೆಳೆದು ತೋರಿಸಿದರು. ಕಾರ್ಡು ಮರೆತವರು ಯಾರೆಂಬ ಜಗಳ ಸಮುದ್ರದ ಪಾಲಾಯಿತು.